ಕಾಕಾನ ಕಾರು, ಟನ್ನಿನ ಲೆಕ್ಕ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ರಸ್ತೆಯಲ್ಲಿ ಯಾರ ಅವಸರಕ್ಕೂ ಕಿಮ್ಮತ್ತಿಲ್ಲ. ಎರಡೆರಡು ಟ್ರೇಲರ್ ಜೋಡಿಸಿಕೊಂಡ ಟ್ರ್ಯಾಕ್ಟರುಗಳು ಕಬ್ಬು ಹೇರಿಕೊಂಡು, ಜನಪದ ಹಾಡು ಹಚ್ಚಿಕೊಂಡು, ಸಾಲುಗಟ್ಟಿ ಕಾರ್ಖಾನೆಯ ಕಡೆಗೆ ಹೊರಟಿರುತ್ತವೆ. ಅವುಗಳ ಹಿಂದೆ ಬಸ್ಸು, ಟಂಟಂ, ಬೈಕು. ಈಚಿನ ವರ್ಷಗಳಲ್ಲಿ ಆ ಸಾಲಿನಲ್ಲಿ ಜರ್ಮನಿಯ ಕಾರುಗಳೂ ಸಿಕ್ಕಿಕೊಂಡಿರುತ್ತವೆ. ಗಂಟೆಗೆ ಇನ್ನೂರು ಕಿಲೋಮೀಟರ್ ಓಡಬಲ್ಲ ಗಾಡಿ, ಹದಿನೈದರ ವೇಗದಲ್ಲಿ ಕಬ್ಬಿನ ಸೋಗೆಯನ್ನು ಮೂತಿಗೆ ತಾಗಿಸಿಕೊಳ್ಳುತ್ತ ಹೋಗುತ್ತಿರುತ್ತದೆ. ಹಿಂದಿನ ನಂಬರ್ ಪ್ಲೇಟು ನೋಡಿದರೆ ಕೆಲವು ನಮ್ಮ ಜಮಖಂಡಿಯ ಕೆಎ 48, ಉಳಿದವು ಕೊಲ್ಲಾಪುರದ ಎಂಎಚ್ 09, ಸಾಂಗಲಿಯ ಎಂಎಚ್ 10, ಪುಣೆಯ ಎಂಎಚ್ 12.

ಬೆಂಗಳೂರಿನಿಂದ ಬಂದ ಗೆಳೆಯರು ಇದನ್ನು ನೋಡಿ ನಗುತ್ತಾರೆ. ‘ಏನ್ ದುಡ್ಡಪ್ಪಾ ನಿಮ್ಮ ಕಬ್ಬಿನೋರ ಹತ್ರ’ ಎನ್ನುತ್ತಾರೆ. ನನಗೆ ಆ ನಗು ಅಷ್ಟಾಗಿ ಹಿಡಿಸುವುದಿಲ್ಲ. ನಾನು ಜಮಖಂಡಿಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ವಾಹನ ಸಾಲದ ಫೈಲು ನೋಡುವವನು. ಇಂಥ ಕಾರುಗಳಲ್ಲಿ ಹೆಚ್ಚಿನವು ಎಷ್ಟಕ್ಕೆ ಬಂದಿವೆ, ಯಾವ ಊರಿನಿಂದ ಬಂದಿವೆ ಎಂಬುದು ನನಗೆ ಗೊತ್ತಿರುತ್ತದೆ. ಐವತ್ತು ಲಕ್ಷದ ಕಾರಿನಂತೆ ಕಾಣುವ ಗಾಡಿಗೆ ಮಾಲೀಕ ಕೊಟ್ಟದ್ದು ಎಷ್ಟೋ ಸಲ ಹೊಸ ಇನ್ನೋವಾದ ಅರ್ಧ ಬೆಲೆಯೂ ಇರುವುದಿಲ್ಲ. ತಮಾಷೆ ಇರುವುದು ಅಲ್ಲಲ್ಲ. ಆಮೇಲೆ ಏನಾಗುತ್ತದೆ ಎಂಬುದರಲ್ಲಿ.

ಈ ಕಾರುಗಳು ನಮ್ಮ ಕಡೆಗೆ ಹರಿದು ಬರುವುದಕ್ಕೆ ಕಾರಣಗಳಿವೆ. ದೊಡ್ಡ ಕಾರಿನ ಬೆಲೆ ಮೊದಲ ಐದು ವರ್ಷದಲ್ಲಿ ಕುಸಿಯುವಷ್ಟು ಬೇರೆ ಯಾವ ವಸ್ತುವಿನ ಬೆಲೆಯೂ ಕುಸಿಯುವುದಿಲ್ಲ. ವಿಮೆಯವರ ಕೋಷ್ಟಕದಲ್ಲೇ ನಾಲ್ಕು ವರ್ಷ ದಾಟಿದ ಕಾರಿಗೆ ಅರ್ಧ ಬೆಲೆ ಕಳೆದುಬಿಡುತ್ತಾರೆ. ಪೇಟೆಯಲ್ಲಿ ಅದು ಇನ್ನೂ ಕೆಳಗೆ. ಅದರ ಮೇಲೆ ದಿಲ್ಲಿಯ ನಿಯಮ ಬಂತು. ಹತ್ತು ವರ್ಷ ದಾಟಿದ ಡೀಸೆಲ್ ವಾಹನ ರಾಜಧಾನಿಯಲ್ಲಿ ಓಡಬಾರದೆಂದು 2015ರಲ್ಲಿ ಹಸಿರು ನ್ಯಾಯಾಧಿಕರಣ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿನ ಶ್ರೀಮಂತರು ಏಳನೆಯ, ಎಂಟನೆಯ ವರ್ಷಕ್ಕೇ ಡೀಸೆಲ್ ಕಾರನ್ನು ಸಿಕ್ಕಷ್ಟಕ್ಕೆ ಕೊಟ್ಟು ಕೈತೊಳೆದುಕೊಳ್ಳತೊಡಗಿದರು. ಅವೆಲ್ಲ ನಿರಾಕ್ಷೇಪಣಾ ಪತ್ರ ಹಿಡಿದು ದಕ್ಷಿಣಕ್ಕೆ ಹೊರಟವು. ಇನ್ನು 2019ರ ಆಗಸ್ಟಿನಲ್ಲಿ ಕೃಷ್ಣೆ, ಪಂಚಗಂಗೆ ಉಕ್ಕಿ ಸಾಂಗಲಿ, ಕೊಲ್ಲಾಪುರ ಮುಳುಗಿದಾಗ ನೀರು ಕುಡಿದ ಕಾರುಗಳೂ ತೊಳೆಸಿಕೊಂಡು, ಅತ್ತರು ಸಿಂಪಡಿಸಿಕೊಂಡು ಪೇಟೆಗೆ ಬಂದವು. ಹಳೆ ಕಾರು ಕೊಳ್ಳಲು ಹೊರಟವರಿಗೆ ನಾನು ಹೇಳುವುದು ಒಂದೇ: ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಅದರ ಕೊನೆಯ ಗೇಣು ನೋಡ್ರಿ. ಇಡೀ ಕಾರು ತೊಳೆಯುವವರು ಅದನ್ನು ತೊಳೆಯುವುದು ಮರೆತಿರುತ್ತಾರೆ. ಕೆಸರಿನ ಗೆರೆ ಅಲ್ಲೇ ಇರುತ್ತದೆ.

ನಮ್ಮ ಕಾಕಾ 2022ರ ಜನವರಿಯಲ್ಲಿ ತಂದದ್ದು ದಿಲ್ಲಿಯ ಗಾಡಿ. 2014ರ ಮಾಡೆಲ್, ಡೀಸೆಲ್, ಕಪ್ಪು ಬಣ್ಣ. ಕಂಪನಿಯ ಹೆಸರು ಬೇಡ. ಜರ್ಮನಿಯದು ಎಂದರೆ ಸಾಕು. ಹೊಸದಿದ್ದಾಗ ಐವತ್ತು ಲಕ್ಷದ ಆಸುಪಾಸು ಇದ್ದದ್ದು, ಕಾಕಾನಿಗೆ 13 ಲಕ್ಷಕ್ಕೆ ಸಿಕ್ಕಿತು. ಅಂಗಳದಲ್ಲಿ ನಿಂತಾಗ ಓಣಿಯ ಹುಡುಗರು ತಮ್ಮ ಮುಖವನ್ನು ಅದರ ಬಾಗಿಲಿನಲ್ಲಿ ನೋಡಿಕೊಂಡು ಕ್ರಾಪು ತಿದ್ದಿಕೊಂಡರು.

‘ಕಾಕಾ, ಯಾರರೆ ಮಿಸ್ತ್ರಿ ಕರಕೊಂಡು ಹೋಗಿ ತೋರಿಸಿದ್ರ್ಯಾ?’ ಎಂದೆ.

‘ಏ ತಮ್ಮಾ, ಕೂತು ನೋಡಿದ್ನಿ. ಒಳಗ ಕೂತ್ರ ಹೊರಗಿನ ಸಪ್ಪಳ ಕೇಳೂದಿಲ್ಲ. ಇನ್ನೇನ್ ಬೇಕು?’

ಇದೇ ಕಾಕಾ ಎತ್ತು ಕೊಳ್ಳಲು ಹೋದರೆ ಸುಮ್ಮನೆ ಬರುವವನಲ್ಲ. ಹಲ್ಲು ನೋಡಬೇಕು, ಸುಳಿ ನೋಡಬೇಕು, ಗೊರಸು ಎತ್ತಿ ನೋಡಬೇಕು, ನಡೆಸಿ ನೋಡಬೇಕು, ಆಮೇಲೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ. ಕಿಲಾರಿ ಹೋರಿಯ ವಯಸ್ಸನ್ನು ಮಾರುವವನಿಗಿಂತ ಸರಿಯಾಗಿ ಹೇಳುತ್ತಾನೆ. ಕಾರಿಗೆ ಹಲ್ಲಿಲ್ಲ, ಸುಳಿಯಿಲ್ಲ. ಇರುವುದು ಕಿಲೋಮೀಟರ್ ತೋರಿಸುವ ಒಂದು ಅಂಕಿ. ‘ಬರೇ ಅರವತ್ತೆರಡು ಸಾವಿರ ಓಡೈತಿ’ ಎಂದು ದಲಾಲಿ ಹೇಳಿದ್ದ, ಅದು ನಿಜವೂ ಆಗಿತ್ತು. ಆದರೆ ಕಾರಿನಲ್ಲಿರುವ ರಬ್ಬರು ಕಿಲೋಮೀಟರ್ ಎಣಿಸುವುದಿಲ್ಲ, ವರ್ಷ ಎಣಿಸುತ್ತದೆ. ನೆರಳಿನಲ್ಲಿ ಸುಮ್ಮನೆ ನಿಂತಿದ್ದರೂ ಎಂಟು ವರ್ಷದ ಪೈಪು ಎಂಟು ವರ್ಷದ್ದೇ.

ಮೊದಲ ಪೆಟ್ಟು ಗ್ಯಾರೇಜಿನಿಂದ ಬರಲಿಲ್ಲ, ಆರ್‌ಟಿಒ ಕಚೇರಿಯಿಂದ ಬಂತು. ಬೇರೆ ರಾಜ್ಯದ ಕಾರು ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇದ್ದರೆ ನೋಂದಣಿ ಬದಲಿಸಲೇಬೇಕು. ಕರ್ನಾಟಕದಲ್ಲಿ ಇಪ್ಪತ್ತು ಲಕ್ಷ ಮೀರಿದ ಕಾರಿಗೆ ಆಜೀವ ತೆರಿಗೆ ಶೇಕಡಾ 18, ಅದರ ಮೇಲೆ ಸೆಸ್. ಹಳೆಯ ಗಾಡಿಗೆ ವಯಸ್ಸಿಗೆ ತಕ್ಕ ರಿಯಾಯಿತಿ ಉಂಟು, ನಿಜ. ಆದರೆ ಲೆಕ್ಕ ಹಿಡಿಯುವುದು ಕಾಕಾ ಕೊಟ್ಟ 13 ಲಕ್ಷದ ಮೇಲಲ್ಲ, ಅದು ಹೊಸದಿದ್ದಾಗಿನ ಬೆಲೆಯ ಮೇಲೆ. ಐದು ಲಕ್ಷದ ಹತ್ತಿರ ಹೋಯಿತು. ಕಾಕಾ ಚಲನ್ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ‘ನಾ ಹದಿಮೂರಕ್ಕ ತಂದೀನಂತ ಇವರಿಗೆ ಹೇಳಿದ್ಯೋ ಇಲ್ಲೋ?’ ಎಂದು ಕೇಳಿದ. ಹೇಳಿದ್ದೆ. ಕೆಲಸವಾಗಲಿಲ್ಲ.

ಆ ಚಲನ್‌ನಲ್ಲಿ ಇದ್ದ ಮಾತೇ ಮುಂದಿನ ನಾಲ್ಕು ವರ್ಷ ಬೇರೆ ಬೇರೆ ಬಿಲ್ಲುಗಳಲ್ಲಿ ಮತ್ತೆ ಮತ್ತೆ ಬಂತು. ಕಾರಿನ ಬೆಲೆ ಬಿದ್ದಿರುತ್ತದೆ, ಅದರ ಸಾಮಾನಿನ ಬೆಲೆ ಬಿದ್ದಿರುವುದಿಲ್ಲ. ಹದಿಮೂರು ಲಕ್ಷಕ್ಕೆ ತಂದ ಗಾಡಿ ಐವತ್ತು ಲಕ್ಷದ ಗಾಡಿಯ ಮೇವನ್ನೇ ತಿನ್ನುತ್ತದೆ. ಮುಂದಿನ ಲೈಟು ಒಡೆದರೆ ಆ ಲೈಟಿಗೆ ತಾನು ಮೂರನೆಯ ಮಾಲೀಕನ ಮನೆಯಲ್ಲಿದ್ದೇನೆ ಎಂಬುದು ಗೊತ್ತಿರುವುದಿಲ್ಲ.

ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕಾಕಾನ ಹತ್ತಿರ ಒಂದು ಉದ್ದನೆಯ ಕೆಂಪು ಹೊದಿಕೆಯ ನೋಟಬುಕ್ಕು ಇದೆ. ಮುಂದಿನಿಂದ ಕಬ್ಬಿನ ಲೆಕ್ಕ: ಯಾವ ದಿನ ಎಷ್ಟು ಟನ್ ಹೋಯಿತು, ಗ್ಯಾಂಗಿನವರಿಗೆ ಎಷ್ಟು ಮುಂಗಡ, ಕಾರ್ಖಾನೆಯ ಮೊದಲ ಬಿಲ್ಲು ಎಷ್ಟು. ‘ಹಿಂದಿನಿಂದ ಕಾರಿಂದು ಬರಿ’ ಎಂದ. ಹಾಗೆ ಮುಂದಿನಿಂದ ಬರುವ ದುಡ್ಡು, ಹಿಂದಿನಿಂದ ಹೋಗುವ ದುಡ್ಡು, ನಡುವೆ ಖಾಲಿ ಹಾಳೆ. ನಮ್ಮ ಕಡೆ ದುಡ್ಡನ್ನು ರೂಪಾಯಿಯಲ್ಲಿ ಹೇಳಿದರೆ ಮನಸ್ಸಿಗೆ ತಾಗುವುದಿಲ್ಲ, ಟನ್ನಿನಲ್ಲಿ ಹೇಳಬೇಕು. ಕಾಕಾ ಗಾಡಿ ತಂದ ಹಂಗಾಮಿನಲ್ಲಿ ಕೇಂದ್ರದ ನ್ಯಾಯಯುತ ಬೆಲೆ ಕ್ವಿಂಟಲ್‌ಗೆ 290 ರೂಪಾಯಿ ಇತ್ತು, 2025-26ಕ್ಕೆ 355 ಆಯಿತು. ಕಡಿಯುವ, ಸಾಗಿಸುವ ಖರ್ಚು ಕಳೆದರೆ ಕೈಗೆ ಬರುವುದು ಬೇರೆಯೇ. ಲೆಕ್ಕ ಸುಲಭವಾಗಲೆಂದು ಟನ್ನಿಗೆ ಮೂರು ಸಾವಿರ ಹಿಡಿದುಕೊಂಡೆವು.

ಮೊದಲ ಸರ್ವೀಸು, ಮುಂದಿನ ಬ್ರೇಕಿನ ಡಿಸ್ಕು, ಪ್ಯಾಡು ಸೇರಿ 68,000. ಇಪ್ಪತ್ತಮೂರು ಟನ್. ಅಧಿಕೃತ ಸರ್ವೀಸಿಗೆ ನಮ್ಮ ನಾಲ್ಕೂ ತಾಲೂಕಿನಲ್ಲಿ ಜಾಗವಿಲ್ಲ, ನೂರು ನೂರೈವತ್ತು ಕಿಲೋಮೀಟರ್ ದೂರದ ದೊಡ್ಡ ಊರಿಗೆ ಹೋಗಬೇಕು. ಒಂದು ದಿನ ಬಿಟ್ಟು ಬರಬೇಕು, ಇನ್ನೊಂದು ದಿನ ತರಬೇಕು. ಟೈರು ನಾಲ್ಕಕ್ಕೆ 1,04,000. ಮೂವತ್ತೈದು ಟನ್. ಆ ಟೈರು ವಿಶೇಷದ್ದು, ಗಾಳಿ ಹೋದರೂ ಎಂಬತ್ತರ ವೇಗ ಮೀರದಂತೆ ಸುಮಾರು ಎಂಬತ್ತು ಕಿಲೋಮೀಟರ್ ಓಡುತ್ತದೆ. ಅದಕ್ಕೇ ಡಿಕ್ಕಿಯಲ್ಲಿ ಸ್ಟೆಪ್ನಿ ಇರುವುದಿಲ್ಲ. ಜರ್ಮನಿಯಲ್ಲಿ ಎಂಬತ್ತು ಕಿಲೋಮೀಟರಿನೊಳಗೆ ಅಂಥ ಟೈರಿನ ಅಂಗಡಿ ಸಿಗುತ್ತದೇನೋ. ನಮ್ಮಲ್ಲಿ ಎಂಬತ್ತು ಕಿಲೋಮೀಟರ್ ಓಡಿ ಇನ್ನೊಂದು ಕಬ್ಬಿನ ಹೊಲದ ಎದುರಿಗೆ ನಿಲ್ಲುತ್ತದೆ. ಗಾಳಿಯಿಲ್ಲದೆ ಓಡಿದ ಅಂಥ ಟೈರಿಗೆ ಪಂಕ್ಚರ್ ಹಾಕುವುದೂ ಸಲ್ಲದು, ಬದಿಯ ಗೋಡೆ ಒಳಗಿನಿಂದ ಸವೆದಿರುತ್ತದೆ. ಮೂರನೇ ತಿಂಗಳಿಗೆ ಕಾಕಾ ಸಾದಾ ಟೈರಿನ ಒಂದು ಗಾಲಿ ಹೊಂದಿಸಿ ಡಿಕ್ಕಿಯಲ್ಲಿ ಹಾಕಿಸಿಕೊಂಡ.

ಆಮೇಲೆ ಇಲಿ. ಕಬ್ಬು ಕಟಾವಾದ ಮೇಲೆ ಹೊಲದಲ್ಲಿ ರವದಿ ಉಳಿಯುತ್ತದೆ. ರವದಿಗೆ ಬೆಂಕಿ ಬಿದ್ದರೆ ಇಲಿಗಳಿಗೆ ಊರ ಕಡೆಗೆ ಬರುವುದೇ ದಾರಿ, ಊರಲ್ಲಿ ಅವುಗಳಿಗೆ ಬಿಸಿ ಇಂಜಿನ್ನಿಗಿಂತ ಚೆಂದದ ಮನೆ ಯಾವುದು? ಒಂದು ಬೆಳಿಗ್ಗೆ ಗಾಡಿ ಚಾಲೂ ಮಾಡಿದರೆ ಮುಂದಿನ ಫಲಕದ ತುಂಬ ದೀಪಾವಳಿ. ವೈರಿನ ಕಟ್ಟನ್ನು ಕಡಿದು ಹಾಕಿತ್ತು. 42,000, ಹದಿನಾಲ್ಕು ಟನ್. ಟ್ರ್ಯಾಕ್ಟರಿನ ವೈರನ್ನೂ ಇಲಿ ಕಡಿಯುತ್ತದೆ, ಆದರೆ ಅಲ್ಲಿ ಇರುವುದೇ ನಾಲ್ಕು ವೈರು, ಟೇಪು ಸುತ್ತಿದರೆ ಮುಗಿಯಿತು. ಮನೆಯಲ್ಲಿ ಒಂದು ಮುಧೋಳ ನಾಯಿಯೂ ಇದೆ. ಮೊಲ ಕಂಡರೆ ಬಾಣದಂತೆ ಹೋಗುತ್ತದೆ, ಇಲಿ ಕಂಡರೆ ತನ್ನ ಅಂತಸ್ತಿಗೆ ತಕ್ಕದ್ದಲ್ಲವೆಂದು ಮುಖ ತಿರುಗಿಸುತ್ತದೆ. ಈಗ ಬಾನೆಟ್ಟಿನೊಳಗೆ ತಂಬಾಕಿನ ಎಲೆಯ ಗಂಟು ಕಟ್ಟಿದ್ದಾರೆ. ಕಾರಿನೊಳಗೆ ಕೂತರೆ ತೊಗಲಿನ ಸೀಟಿನ ವಾಸನೆಯ ಜೊತೆ ಸಣ್ಣಗೆ ನಿಪ್ಪಾಣಿಯ ವಾಸನೆ.

ಈ ಗಾಡಿಗಳು ಕಳಪೆ ಎಂದು ನಾನು ಹೇಳುವುದಿಲ್ಲ. ಒಳ್ಳೆಯ ರಸ್ತೆಯಲ್ಲಿ, ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸಿದರೆ ಅವುಗಳ ಇಂಜಿನ್ ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತದೆ. ಕೆಡುವುದು ಸುತ್ತಲಿನದು: ಸೆನ್ಸರು, ಪಂಪು, ಪೈಪು, ಗಾಳಿಯ ಚೀಲ. ಅವು ಯಾವ ಬದುಕಿಗಾಗಿ ಮಾಡಿದವೋ ಆ ಬದುಕು ನಮ್ಮದಲ್ಲ. ಮುಧೋಳದ ಪರಿಚಯದವರೊಬ್ಬರು ಹೊಸದೇ ತಂದರು, 2020ರ ಏಪ್ರಿಲಿನ ನಂತರದ ಬಿಎಸ್ 6 ಡೀಸೆಲ್. ಇಂಥ ಗಾಡಿಯ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಜಾಲರಿ ಇರುತ್ತದೆ. ಗಾಡಿ ಹೆದ್ದಾರಿಯಲ್ಲಿ ಒಂದಿಷ್ಟು ಹೊತ್ತು ವೇಗವಾಗಿ ಓಡಿದರೆ ಜಾಲರಿ ಕಾದು ಮಸಿ ತಾನೇ ಸುಟ್ಟುಹೋಗುತ್ತದೆ. ಅವರ ಗಾಡಿ ಮನೆಯಿಂದ ಹೊಲಕ್ಕೆ ನಾಲ್ಕು ಕಿಲೋಮೀಟರ್, ಹೊಲದಿಂದ ಕಾರ್ಖಾನೆಗೆ ಆರು. ಜಾಲರಿ ಕಟ್ಟಿಕೊಂಡು ದೀಪ ಹತ್ತಿತು. ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ತಾಸು ಓಡಿಸಿಕೊಂಡು ಬನ್ನಿ ಎಂದು ಸರ್ವೀಸಿನವರು ಹೇಳಿದರು. ಈಗ ಅವರು ಪ್ರತಿ ರವಿವಾರ ಕೆಲಸವಿಲ್ಲದೆ ವಿಜಯಪುರದ ಕಡೆಗೆ ಹೋಗಿ ಚಹಾ ಕುಡಿದು ಬರುತ್ತಾರೆ. ಎತ್ತು ಕಟ್ಟಿಹಾಕಿದರೆ ಕಾಲು ಹಿಡಿಯುತ್ತದೆಂದು ನಡೆಸಿಕೊಂಡು ಬರುತ್ತಿದ್ದ ಅಜ್ಜನ ನೆನಪಾಯಿತು ನನಗೆ.

ಕಾಕಾನ ಗಾಡಿಯ ದೊಡ್ಡ ರೋಗ ಗಾಳಿಯ ಸಸ್ಪೆನ್ಶನ್. ಸ್ಪ್ರಿಂಗಿನ ಬದಲು ರಬ್ಬರಿನ ಚೀಲದಲ್ಲಿ ಗಾಳಿ ತುಂಬಿ ಗಾಡಿಯನ್ನು ಎತ್ತಿ ಹಿಡಿಯುವ ವ್ಯವಸ್ಥೆ. ಟ್ರೇಲರುಗಳು ಅರೆದ ನಮ್ಮ ರಸ್ತೆಯ ತಗ್ಗಿನಲ್ಲಿ ಇಳಿದರೂ ಒಳಗಿನ ಚಹದ ಕಪ್ಪು ಅಲುಗುವುದಿಲ್ಲ. ಆದರೆ ರಬ್ಬರಿಗೆ ವಯಸ್ಸಾಗಿ ಬಿರುಕು ಬಿಟ್ಟರೆ ರಾತ್ರಿ ಗಾಳಿ ಸೋರಿ ಬೆಳಿಗ್ಗೆ ಗಾಡಿ ಹಿಂಗಾಲು ಮಡಚಿ ಕೂತ ಒಂಟೆಯಂತೆ ಕಾಣುತ್ತದೆ. ಸೋರಿಕೆಯನ್ನು ತುಂಬಲು ಕಂಪ್ರೆಸರ್ ಒಂದೇ ಸಮನೆ ಓಡಿ ಅದೂ ಸುಟ್ಟುಹೋಗುತ್ತದೆ. ಸರ್ವೀಸ್ ಸೆಂಟರಿನವರು ಹೇಳಿದ್ದು 2,60,000. ಎಂಬತ್ತೇಳು ಟನ್, ಎರಡು ಎಕರೆ ದಾಟಿತು. ಕಾಕಾ ಮೊಟ್ಟಮೊದಲ ಬಾರಿಗೆ ಫೋನಿನಲ್ಲಿ ಸುಮ್ಮನಾದ.

ಆಗ ಸಿಕ್ಕವನು ಬನಹಟ್ಟಿಯ ಮಿಸ್ತ್ರಿ. ಅವನ ಅಪ್ಪ ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಪಾವರ್‌ಲೂಮು ರಿಪೇರಿ ಮಾಡುತ್ತಿದ್ದವನು. ಆ ಊರಿನ ಮಗ್ಗಗಳನ್ನು ನೋಡಿದವರಿಗೆ ಗೊತ್ತು, ಕೆಲವು ಮೂರು ತಲೆಮಾರಿನಿಂದ ಓಡುತ್ತಿವೆ. ಅವು ಕೆಡುವುದಿಲ್ಲವೆಂದಲ್ಲ, ದಿನಾ ಕೆಡುತ್ತವೆ. ಲಾಳಿ ಹಾರುತ್ತದೆ, ಬೆಲ್ಟು ಹರಿಯುತ್ತದೆ, ಹಲ್ಲಿನ ಗಾಲಿ ಸವೆಯುತ್ತದೆ. ಆದರೆ ಕೆಟ್ಟ ಹತ್ತು ನಿಮಿಷದಲ್ಲಿ ಯಾರೋ ಒಬ್ಬ ಪಾನಾ ಹಿಡಿದು ಬಂದಿರುತ್ತಾನೆ, ಬೇಕಾದ ಸಾಮಾನು ಅದೇ ಓಣಿಯ ಅಂಗಡಿಯಲ್ಲಿ ಇರುತ್ತದೆ, ಇಲ್ಲದಿದ್ದರೆ ಲೇತಿನಲ್ಲಿ ಕಡೆಸುತ್ತಾರೆ. ಯಾವ ಯಂತ್ರ ಹೆಚ್ಚು ನಂಬಿಕೆಯದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ಅದು ಕೆಟ್ಟರೆ ರಿಪೇರಿಗೆ ಎಷ್ಟು ದೂರ ಹೋಗಬೇಕು ಎಂದು. ಕಾರಿನ ಪುಸ್ತಕಗಳಲ್ಲಿ ಈ ಕಲಮು ಇರುವುದಿಲ್ಲ.

ಮಿಸ್ತ್ರಿ ಸ್ಕ್ಯಾನರ್ ಒಂದನ್ನು ತರಿಸಿಕೊಂಡಿದ್ದ. ಅದನ್ನು ಹಚ್ಚಿ, ಗಾಡಿಯ ಕೆಳಗೆ ಮಲಗಿ ನೋಡಿ, ಎದ್ದು ಕೈ ಒರೆಸಿಕೊಂಡ. ‘ಸಾವ್ಕಾರ್ರ, ಗಾಳಿ ಚೀಲ ತೆಗದು ಸ್ಪ್ರಿಂಗ್ ಹಾಕಿಬಿಡ್ತೀನ್ರಿ, ಜಲ್ಮಕ್ಕ ಕಾಟ ತಪ್ಪತೈತಿ’ ಎಂದ. ಕಾಕಾ ಒಪ್ಪಲಿಲ್ಲ. ‘ಸ್ಪ್ರಿಂಗ್ ಹಾಕಿದ್ರ ಇದಕ್ಕೂ ಜೀಪಿಗೂ ಏನ್ ಫರಕ್?’ ಎಂದ. ಕಡೆಗೆ ಬೇರೆ ಕಂಪನಿಯ ಚೀಲ, ರಿಪೇರಿ ಮಾಡಿದ ಕಂಪ್ರೆಸರು ಹಾಕಿ 1,12,000ಕ್ಕೆ ಮುಗಿಯಿತು. ಗಿಯರ್ ಬಾಕ್ಸಿನ ಎಣ್ಣೆಯನ್ನೂ ಅವನೇ ಬದಲಿಸಿದ, 48,000. ಅದಕ್ಕೆ ಜೀವಮಾನವಿಡೀ ಎಣ್ಣೆ ಬದಲಿಸಬೇಕಿಲ್ಲ ಎಂದು ದಲಾಲಿ ಹೇಳಿದ್ದ. ‘ಯಾರ ಜೀವಮಾನಾರಿ?’ ಎಂದು ಮಿಸ್ತ್ರಿ ಕೇಳಿದ. ಗಿಯರ್ ಬಾಕ್ಸ್ ಮಾಡುವ ಜರ್ಮನಿಯ ಜೆಡ್ಎಫ್ ಕಂಪನಿಯೇ ಎಂಬತ್ತು ಸಾವಿರದಿಂದ ಒಂದು ಲಕ್ಷದ ಇಪ್ಪತ್ತು ಸಾವಿರ ಕಿಲೋಮೀಟರಿನೊಳಗೆ ಬದಲಿಸಿ ಎನ್ನುತ್ತದೆ.

2024ರಲ್ಲಿ ಕಾಕಿಗೆ ಎದೆಯಲ್ಲಿ ಒತ್ತಿದಂತೆ ಆಗತೊಡಗಿತು. ಮಿರಜಿನಲ್ಲಿ ತೋರಿಸಿದರು, ಎಂಜಿಯೋಗ್ರಾಂ ಮಾಡಲು ದಿನ ಕೊಟ್ಟರು. ಜನವರಿಯ ಕೊನೆ, ಹಂಗಾಮು ಜೋರಾಗಿದ್ದ ಕಾಲ. ಬೆಳಿಗ್ಗೆ ಐದಕ್ಕೆ ಹೊರಟೆವು, ನಾನೂ ಜೊತೆಗಿದ್ದೆ. ತೇರದಾಳ ದಾಟಿ ಹಾರೂಗೇರಿಯ ಹತ್ತಿರ ಬರುವಾಗ ಕಾಕಾ ಒಂದು ಟ್ರ್ಯಾಕ್ಟರನ್ನು ದಾಟಲು ಗಾಡಿ ಒತ್ತಿದ. ಗಾಡಿ ಒಮ್ಮೆ ಮುಗ್ಗರಿಸಿ, ಹಳದಿ ದೀಪ ಹತ್ತಿ, ಶಕ್ತಿಯೆಲ್ಲ ಸೋರಿಹೋಯಿತು. ಇಂಜಿನ್ ಬಂದಾಗಲಿಲ್ಲ. ಎಷ್ಟು ಒತ್ತಿದರೂ ನಲವತ್ತರ ಮೇಲೆ ಹೋಗಲೊಲ್ಲದು. ಏರು ಬಂದರೆ ಅದೂ ಇಲ್ಲ. ಯಾವುದೋ ಅಳತೆ ತಪ್ಪಿದಾಗ ಇಂಜಿನ್ನಿಗೆ ಹಾನಿಯಾಗದಿರಲೆಂದು ಗಾಡಿಯ ಕಂಪ್ಯೂಟರು ತಾನೇ ಶಕ್ತಿ ಕಡಿತ ಮಾಡುತ್ತದೆ. ತನ್ನನ್ನು ತಾನು ಕಾಪಾಡಿಕೊಳ್ಳುವ ಜಾಣತನ ಅದು. ಹಿಂದಿನ ಸೀಟಿನಲ್ಲಿ ಯಾರನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದೇವೆ ಎಂಬುದು ಅದಕ್ಕೆ ತಿಳಿಯುವ ವಿಷಯವಲ್ಲ.

ನಾವು ದಾಟಲು ಹೋಗಿದ್ದ ಟ್ರ್ಯಾಕ್ಟರು ನಮ್ಮನ್ನೇ ದಾಟಿ ಹೋಯಿತು. ಎರಡು ಟ್ರೇಲರ್ ಕಬ್ಬು ಎಳೆದುಕೊಂಡು, ಹಾಡು ಹಚ್ಚಿಕೊಂಡು. ಡ್ರೈವರ್ ಹುಡುಗ ತಿರುಗಿ ನೋಡಿದ. ನಗಲಿಲ್ಲ, ಪಾಪ. ಕಾಕಿ ಕಣ್ಣು ಮುಚ್ಚಿ ಕೂತಿದ್ದಳು. ಕಾಕಾ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು ಮುಂದೆ ನೋಡುತ್ತಿದ್ದ. ಅವನ ಹಣೆಯ ಮೇಲೆ ಆ ಚಳಿಯಲ್ಲಿ ಬೆವರಿತ್ತು. ಊರಿಗೆ ಫೋನ್ ಮಾಡಿದೆವು, ನಮ್ಮ ದಾಯಾದಿಯ ಹುಡುಗ ಬೊಲೆರೊ ತರುವ ಹೊತ್ತಿಗೆ ಒಂದು ತಾಸಿನ ಮೇಲಾಯಿತು. ಮಿರಜ್ ತಲುಪಿದಾಗ ನಮ್ಮ ಪಾಳಿ ಹೋಗಿತ್ತು. ಮತ್ತೆ ಎಂಟು ದಿನ ಬಿಟ್ಟು ಬರಲು ಹೇಳಿದರು. ಆ ಎಂಟು ದಿನ ಕಾಕಾ ರಾತ್ರಿ ಮಲಗುತ್ತಿದ್ದನೋ ಇಲ್ಲವೋ ಗೊತ್ತಿಲ್ಲ, ಬೆಳಗಿನ ಜಾವ ನಾಲ್ಕಕ್ಕೇ ಕಾಕಿಯನ್ನು ಎಬ್ಬಿಸಿ ‘ಹೆಂಗೈತಿ?’ ಎಂದು ಕೇಳುತ್ತಿದ್ದನಂತೆ. ಎರಡನೇ ಸಲ ಬೊಲೆರೊದಲ್ಲೇ ಹೋದರು. ಒಂದು ಸ್ಟೆಂಟ್ ಹಾಕಿದರು. ಈಗ ಕಾಕಿ ಆರಾಮಿದ್ದಾಳೆ.

ಮಿಸ್ತ್ರಿ ನೋಡಿ ಹೇಳಿದ್ದು: ‘ಗಾಡಿ ಕೆಟ್ಟಿಲ್ರಿ. ಗಾಡಿಗೆ ಅನುಮಾನ ಬಂದೈತಿ.’ ಟರ್ಬೊದಿಂದ ಇಂಜಿನ್ನಿಗೆ ಗಾಳಿ ಒಯ್ಯುವ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕು. ಪೈಪಿಗೆ 9,000, ಕೂಲಿ, ಸೆನ್ಸರು, ಹಾರೂಗೇರಿಯಿಂದ ಎತ್ತಿಕೊಂಡು ಬಂದದ್ದು ಎಲ್ಲ ಸೇರಿ 36,000. ಹನ್ನೆರಡು ಟನ್.

ಅಂದಿನಿಂದ ಕಾಕಿಯ ಕಾನೂನು ಒಂದು ಜಾರಿಯಲ್ಲಿದೆ. ‘ಲಗ್ನಕ್ಕ ಹೋಗೂದಿದ್ರ ಇದರಾಗ ಬರ್ತೀನಿ. ದವಾಖಾನಿಗೆ ಹೋಗೂದಿದ್ರ ಬೊಲೆರೊ ಹೇಳ್ರಿ.’ ದಾಯಾದಿಯ ಬೊಲೆರೊವನ್ನು ಎಷ್ಟು ಸಲ ಕೇಳುವುದು? ಮರುವರ್ಷ ಕಾಕಾ ಒಂದು ಹಳೆಯ ಬೊಲೆರೊವನ್ನೂ ತಂದ. ನನ್ನ ಸಾಲದ ಫೈಲುಗಳಲ್ಲೂ ಇದನ್ನು ನೋಡಿದ್ದೇನೆ. ಸಣ್ಣ ಊರಿನಲ್ಲಿ ಹಳೆಯ ದೊಡ್ಡ ಕಾರು ತಂದವರು ಎರಡು ಮೂರು ವರ್ಷದಲ್ಲಿ ಇನ್ನೊಂದು ಸಣ್ಣ ಗಾಡಿಯ ಸಾಲಕ್ಕೆ ಬರುತ್ತಾರೆ. ದೊಡ್ಡದರ ಖರ್ಚಿನಲ್ಲಿ ಈ ಸಣ್ಣದನ್ನು ಯಾರೂ ಸೇರಿಸುವುದಿಲ್ಲ.

ಈ ಹೊತ್ತಿಗೆ ನೋಟಬುಕ್ಕಿನ ಹಿಂದಿನ ಹಾಳೆಗಳ ಮೊತ್ತ 6,85,000. ಎಡಗಡೆಯ ಮುಂದಿನ ಲೈಟು ಒಡೆದಾಗ ಹೊಸದಕ್ಕೆ 1,35,000 ಹೇಳಿದ್ದು, ಪುಣೆಯ ಗುಜರಿಯಿಂದ 55,000ಕ್ಕೆ ತಂದದ್ದೂ ಅದರಲ್ಲಿದೆ. ವಿಮೆಯಿದೆ, ಡೀಸೆಲ್ ಇಲ್ಲ. ನಾಲ್ಕು ವರ್ಷದಲ್ಲಿ ಓಡಿದ್ದು 38,000 ಕಿಲೋಮೀಟರ್. ಕಿಲೋಮೀಟರಿಗೆ ಹದಿನೆಂಟು ರೂಪಾಯಿ ಬಿತ್ತು. ಟನ್ನಿನಲ್ಲಿ 228, ಎಕರೆಗೆ ನಲವತ್ತು ಹಿಡಿದರೆ ಆರು ಎಕರೆಗೆ ಸ್ವಲ್ಪ ಕಡಿಮೆ ಹೊಲದ ಒಂದು ವರ್ಷದ ಪೂರ್ತಿ ಕಬ್ಬು. ಆದರೆ ದೊಡ್ಡ ಖರ್ಚು ನೋಟಬುಕ್ಕಿನಲ್ಲಿ ಇಲ್ಲವೇ ಇಲ್ಲ. ತೆರಿಗೆ ಸೇರಿ 18 ಲಕ್ಷ ಬಿದ್ದ ಗಾಡಿಗೆ ಇಂದು ದಲಾಲಿ ಹೇಳುವುದು ಆರೂವರೆ. ಹನ್ನೊಂದೂವರೆ ಲಕ್ಷ ಸದ್ದಿಲ್ಲದೆ ಆವಿಯಾಗಿದೆ, ಅದಕ್ಕೆ ಬಿಲ್ಲು ಬರುವುದಿಲ್ಲವಾದ್ದರಿಂದ ಬರೆಯಲು ಹಾಳೆಯೂ ಇಲ್ಲ. ಅದನ್ನೂ ಹಂಚಿದರೆ ಕಿಲೋಮೀಟರಿಗೆ ಇನ್ನೂ ಮೂವತ್ತು ರೂಪಾಯಿ. ರಿಪೇರಿಯ ಬಗ್ಗೆ ಎಲ್ಲರೂ ಗೋಳಾಡುತ್ತಾರೆ, ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ವಿಮೆಯ ಸಂಕಟವೂ ಇಲ್ಲೇ ಇದೆ. ಐದರಿಂದ ಹತ್ತು ವರ್ಷದ ಗಾಡಿಗೆ ತಗಡಿನ ಸಾಮಾನಿನಲ್ಲಿ ಶೇಕಡಾ 40, ಪ್ಲಾಸ್ಟಿಕ್ಕು ರಬ್ಬರಿನಲ್ಲಿ ಅರ್ಧದಷ್ಟು ಸವಕಳಿಯೆಂದು ಕಳೆದು ಉಳಿದದ್ದನ್ನು ಕೊಡುತ್ತಾರೆ. ರಿಪೇರಿಯ ಖರ್ಚು ವಿಮೆಯ ಮೌಲ್ಯದ ಮುಕ್ಕಾಲು ಪಾಲು ಮೀರಿದರೆ ಗಾಡಿ ಪೂರ್ತಿ ಹೋಯಿತೆಂದೇ ಲೆಕ್ಕ. ಮೌಲ್ಯ ಏಳು ಲಕ್ಷ, ಸಾಮಾನಿನ ಬೆಲೆ ಐವತ್ತು ಲಕ್ಷದ ಗಾಡಿಯದು. ಅಂದಮೇಲೆ ಒಂದು ಟ್ರೇಲರಿನ ಹಿಂಬದಿಗೆ ತುಸು ಜೋರಾಗಿ ತಾಗಿದರೆ, ಇಂಜಿನ್ ಸರಿಯಿದ್ದರೂ ಗಾಡಿ ಗುಜರಿಗೆ.

ಇಷ್ಟೆಲ್ಲ ಗೊತ್ತಿದ್ದೂ ಕಾಕಾ ಯಾಕೆ ಮಾರುವುದಿಲ್ಲ? ನಾನು ಒಮ್ಮೆ ಮೊತ್ತ ಕೂಡಿಸಿ ಅವನ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ಸಾವಕಾಶ ಓದಿದ. ‘ಬರೋಬ್ಬರಿ ಬರದೀ’ ಎಂದು ವಾಪಸು ಕೊಟ್ಟ.

ದಡ್ಡನಲ್ಲ ಅವನು. 1989ರಲ್ಲಿ ಸರಕಾರದ ದಾರಿ ಕಾಯದೆ ರೈತರೇ ದುಡ್ಡು ಕೂಡಿಸಿ, ಮೈಮುರಿದು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರಲ್ಲ, ಆ ಕಾಲದ ಹುಡುಗ. ಖರ್ಚು, ಆದಾಯ ಯಾವುದೆಂದು ಅವನಿಗೆ ನಾನು ಹೇಳಬೇಕಿಲ್ಲ. ಅವನ ಅಪ್ಪ, ಅಂದರೆ ನಮ್ಮ ಅಜ್ಜ, ತೆರಬಂಡಿಗೆಂದೇ ಒಂದು ಜೋಡಿ ಎತ್ತು ಸಾಕಿದ್ದ. ಹೊಲಕ್ಕೆ ಹೂಡುತ್ತಿರಲಿಲ್ಲ. ಮನೆಯ ಮಕ್ಕಳಿಗಿಲ್ಲದ ತುಪ್ಪ, ತತ್ತಿ ಅವಕ್ಕೆ. ಆ ಜೋಡಿಯಿಂದ ಬಂದ ಆದಾಯ ಎಷ್ಟೆಂದು ಅಜ್ಜಿ ಕೇಳಿದ್ದರೆ ಅಜ್ಜ ಉತ್ತರ ಕೊಡುತ್ತಿರಲಿಲ್ಲ. ಆದರೆ ‘ಆ ಎತ್ತಿನವರ ಮನಿ’ ಎಂದರೆ ಸುತ್ತಲ ಹತ್ತು ಹಳ್ಳಿಯಲ್ಲಿ ಗೊತ್ತಾಗುತ್ತಿತ್ತು, ಬಿತ್ತನೆಯ ಹೊತ್ತಿಗೆ ಕೇಳಿದಲ್ಲಿ ಕಡ ಹುಟ್ಟುತ್ತಿತ್ತು. ಕಾಕಾನ ಕಾರೂ ಅದೇ ಕೆಲಸ ಮಾಡುತ್ತದೆ. ಕಾರ್ಖಾನೆಯ ಗೇಟಿನಲ್ಲಿ ಯಾರನ್ನು ನೋಡಬೇಕೆಂದು ಕಾವಲಿನವನು ಕೇಳುವುದಿಲ್ಲ. ಕಬ್ಬು ಕಡಿಯುವ ಪಾಳಿ ವಾರ ಮೊದಲೇ ಬರುತ್ತದೆ, ಒಣಗುವ ಕಬ್ಬಿಗೆ ವಾರವೆಂದರೆ ತೂಕ. ಮಗಳ ನೆಂಟಸ್ತಿಕೆಯ ಮಾತು ಅಂಗಳದಲ್ಲಿ ನಿಂತ ಗಾಡಿಯಿಂದ ಶುರುವಾಯಿತು. ಸಾಲ ಕೊಡುವ ನಾವೂ, ನನ್ನ ಸಂಘವನ್ನೂ ಸೇರಿಸಿಯೇ ಹೇಳುತ್ತೇನೆ, ಕಾರಿನಲ್ಲಿ ಬಂದವನಿಗೆ ಕುರ್ಚಿ ತೋರಿಸುತ್ತೇವೆ. ಅಜ್ಜನ ಎತ್ತಿನ ಮೇವು ಮಾತ್ರ ನಮ್ಮ ಹೊಲದಲ್ಲೇ ಬೆಳೆಯುತ್ತಿತ್ತು.

ಈಚೆಗೆ ಬೀಳಗಿಯ ಕಡೆಯ ನಮ್ಮ ಸೋದರಮಾವನ ಮಗ ಬಂದಿದ್ದ. ಆಲಮಟ್ಟಿಯ ನೀರಿನ ಮಟ್ಟ 519.6 ಮೀಟರಿನಿಂದ 524.256ಕ್ಕೆ ಏರಿದರೆ ಅವನ ನಾಲ್ಕು ಎಕರೆ ಹಿನ್ನೀರಿನಲ್ಲಿ ಹೋಗುತ್ತದೆ. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು 2025ರ ಸೆಪ್ಟೆಂಬರಿನಲ್ಲಿ ಸರಕಾರ ತೀರ್ಮಾನಿಸಿತು. ಅವನದು ನೀರಾವರಿ. ದುಡ್ಡು ಇನ್ನೂ ಬಂದಿಲ್ಲ, ದಲಾಲಿಗಳು ಬಂದಿದ್ದಾರೆ. ಒಬ್ಬ ಮೊಬೈಲಿನಲ್ಲಿ ಕಾರುಗಳ ಚಿತ್ರ ಕಳಿಸುತ್ತಾನಂತೆ, ‘ಈಗ ಮುಂಗಡ ಕೊಡ್ರಿ, ಉಳಿದದ್ದು ಪರಿಹಾರ ಬಂದ ಮ್ಯಾಲೆ’ ಎಂದು. ನಾನು ನೋಟಬುಕ್ಕು ತೆಗೆದುಕೊಟ್ಟೆ. ಒಂದೊಂದೇ ಹಾಳೆ ತಿರುಗಿಸಿ ನೋಡಿದ. ‘ಹೊಸಾದ ತಗೊಂಡ್ರ ಇವ್ಯಾವೂ ಬರೂದಿಲ್ಲಲ್ಲ ಅಣ್ಣಾ?’ ಎಂದು ಕೇಳಿದ. ವಾರಂಟಿಯ ಮೂರು ವರ್ಷ ಬರುವುದಿಲ್ಲ, ಆದರೆ ಐದು ವರ್ಷದಲ್ಲಿ ಅರ್ಧ ಬೆಲೆ ಹೋಗಿರುತ್ತದೆ, ಅರವತ್ತರದು ಮೂವತ್ತು, ಅಂದರೆ ಹತ್ತಿರ ಹತ್ತಿರ ನಿನ್ನ ಮುಕ್ಕಾಲು ಎಕರೆ ಎಂದೆ. ಅವನಿಗೆ ಇನ್ನೊಂದು ಎಕರೆ ಎಲ್ಲಾದರೂ ನೀರಿನ ದಂಡೆಯಲ್ಲಿ ಸಿಗುತ್ತದೋ ಇಲ್ಲವೋ. ಎಲ್ಲರಿಗೂ ಒಮ್ಮೆಗೇ ದುಡ್ಡು ಬಂದರೆ ಆ ಎಕರೆಯ ಬೆಲೆ ಎಷ್ಟಕ್ಕೆ ಏರುತ್ತದೋ. ಹಿಂದಿನ ಮುಳುಗಡೆಯ ಪರಿಹಾರ ಯಾವ ಯಾವ ದಾರಿಯಲ್ಲಿ ಹೋಯಿತೆಂದು ಅವನ ಅಪ್ಪನೇ ಚೆನ್ನಾಗಿ ಹೇಳುತ್ತಿದ್ದ, ಈಗ ಅವನಿಲ್ಲ. ಹುಡುಗ ಹಾಳೆಗಳ ಫೋಟೊ ಹೊಡೆದುಕೊಂಡ. ಹೊರಗೆ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಬಾಗಿಲು ತೆರೆದು ಒಳಗೆ ಕೂತು, ಬಾಗಿಲು ಹಾಕಿಕೊಂಡ. ಬಹಳ ಹೊತ್ತು ಹೊರಗೆ ಬರಲಿಲ್ಲ. ಒಳಗೆ ಕೂತರೆ ನಿಜಕ್ಕೂ ಹೊರಗಿನ ಸಪ್ಪಳ ಕೇಳುವುದಿಲ್ಲ.

ಗಾಡಿಯ ಹಳದಿ ದೀಪ ಆಗಾಗ ಈಗಲೂ ಹತ್ತುತ್ತದೆ, ಮಿಸ್ತ್ರಿ ಆರಿಸಿ ಕಳಿಸಿದರೆ ತಿಂಗಳಿಗೆ ಮತ್ತೆ ಬರುತ್ತದೆ. ಲಗ್ನಕ್ಕೆ ಹೋಗುವಾಗ ಮುಂದೆ ಕೂತ ಕಾಕಿ ಬೇಸತ್ತು ತನ್ನ ಹಣೆಯ ಟಿಕಳಿ ತೆಗೆದು ಅದರ ಮೇಲೆ ಅಂಟಿಸಿದ್ದಾಳೆ. ವಿಮೆ ಕಟ್ಟುವ ದಿನ ಮಾರ್ಚಿನಲ್ಲಿದೆ. ಕಬ್ಬು ಕೊಟ್ಟ ಹದಿನಾಲ್ಕು ದಿನದೊಳಗೆ ಕಾರ್ಖಾನೆಯವರು ದುಡ್ಡು ಹಾಕಬೇಕೆಂದು 1966ರ ಆದೇಶದಲ್ಲೇ ಇದೆ. ನೋಟಬುಕ್ಕಿನ ಮುಂದಿನ ಹಾಳೆಯಲ್ಲಿ ಜನವರಿ 9ರ ತೂಕ ಬರೆದಿದೆ, ಅದರ ಎದುರಿನ ಜಾಗ ಇನ್ನೂ ಖಾಲಿ ಇದೆ.